ಇಬ್ಬರು, ಎರಡು ಬ್ಯಾಗು, ಕೊಂಕಣ ರೈಲು: ಮುಂಬೈನಿಂದ ಮಂಗಳೂರಿಗೆ ಕಡಿಮೆ ಖರ್ಚಿನ ದಾರಿ ಹೇಗಿದೆ?

ಮುಂಬೈನಲ್ಲಿ ಹತ್ತಿ ಗೋವಾ, ಗೋಕರ್ಣ, ಉಡುಪಿ ನೋಡಿಕೊಂಡು ಮಂಗಳೂರು ಮುಟ್ಟಬೇಕೆನ್ನುವ ಜೋಡಿಗೆ ಕೊಂಕಣ ರೈಲಿಗಿಂತ ಅಗ್ಗದ, ಚೆಂದದ ಸಾಧನ ಬೇರೆ ಇಲ್ಲ. ಅದರಲ್ಲಿ ತಕರಾರಿಲ್ಲ. ತಕರಾರು ಶುರುವಾಗುವುದು ರೈಲಿನಿಂದ ಇಳಿದ ಮೇಲೆ. ಈ ಮಾರ್ಗದ ಎಷ್ಟೋ ಸ್ಟೇಷನ್‌ಗಳು ಊರಿನಿಂದ ಹೊರಗೆ, ಗುಡ್ಡದ ಬುಡದಲ್ಲಿವೆ. ಟಿಕೆಟ್ಟಿನಲ್ಲಿ ಉಳಿಸಿದ್ದನ್ನೆಲ್ಲ ಆಟೊದವರಿಗೆ ಕೊಟ್ಟು ಬರುವವರೇ ಹೆಚ್ಚು. ಹಾಗಾಗಿ ರೈಲು ಆರಿಸುವಾಗ ದರಕ್ಕಿಂತ ಮೊದಲು ನೋಡಬೇಕಾದ್ದು ಅದು ಎಷ್ಟು ಹೊತ್ತಿಗೆ, ಎಲ್ಲಿ ಇಳಿಸುತ್ತದೆ ಎಂಬುದನ್ನು.

ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನೇ ತೆಗೆದುಕೊಳ್ಳಿ. ಮುಂಬೈ ಕನ್ನಡಿಗರಿಗೆ ಇದು ಮನೆಯ ರೈಲು. ಮಧ್ಯಾಹ್ನ ಲೋಕಮಾನ್ಯ ತಿಲಕ್ ಟರ್ಮಿನಸ್ ಬಿಟ್ಟು ಮರುದಿನ ಬೆಳಗ್ಗೆ ಮಂಗಳೂರು ಸೆಂಟ್ರಲ್ ಸೇರುತ್ತದೆ. ನೇರ ಉಡುಪಿಗೋ ಮಂಗಳೂರಿಗೋ ಹೋಗುವವರಿಗೆ ಇದಕ್ಕಿಂತ ಅನುಕೂಲ ಬೇಡ. ಆದರೆ ಕಾರವಾರ, ಕುಮಟಾ ಬರುವುದು ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ. ಆಗ ಬಸ್ಸಿಲ್ಲ, ರೂಮಿನ ಚೆಕ್‌ಇನ್ ಇಲ್ಲ, ಇರುವ ಒಂದೆರಡು ಆಟೊ ಕೇಳಿದಷ್ಟು ಕೊಡಬೇಕು. ದಾರಿಯ ನೋಟವೂ ಬಹುಪಾಲು ಕತ್ತಲಲ್ಲಿ ಕಳೆದುಹೋಗುತ್ತದೆ. ಸುತ್ತಾಡಲೆಂದೇ ಹೊರಟವರು ಮುಂಬೈನಿಂದ ಗೋವಾದ ಮಡಗಾಂವ್ ತನಕದ ಭಾಗವನ್ನು ಹಗಲು ರೈಲಿನಲ್ಲೇ ಮುಗಿಸಬೇಕು.

ಹಗಲಿಗೆ ಎರಡು ಒಳ್ಳೆಯ ಆಯ್ಕೆಗಳಿವೆ. ಜನಶತಾಬ್ದಿ ನಸುಕಿನಲ್ಲಿ ಸಿಎಸ್‌ಎಂಟಿ (ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಬಿಟ್ಟು ಮಧ್ಯಾಹ್ನಕ್ಕೆ ಮಡಗಾಂವ್ ತಲುಪುತ್ತದೆ. ಸೆಕೆಂಡ್ ಸಿಟ್ಟಿಂಗ್‌ಗೆ, ಅಂದರೆ ಎಸಿ ಇಲ್ಲದ ಕೂರುವ ಸೀಟಿಗೆ, ತಲೆಗೆ ಮುನ್ನೂರು ರೂಪಾಯಿಯ ಆಸುಪಾಸು. ಬೆನ್ನು ನೆಟ್ಟಗಿರುವ ಸೀಟಿನಲ್ಲಿ ಎಂಟೊಂಬತ್ತು ತಾಸು ಕೂರಬೇಕು, ಅಷ್ಟೇ ಅದರ ದೋಷ. ಬೆಳಗ್ಗೆ ಏಳರ ಸುಮಾರಿಗೆ ಹೊರಡುವ ಮಾಂಡೋವಿ ಎಕ್ಸ್‌ಪ್ರೆಸ್ ನಿಧಾನ, ಮಡಗಾಂವ್ ಮುಟ್ಟುವಾಗ ಕತ್ತಲಾಗುತ್ತಿರುತ್ತದೆ. ಆದರೆ ಅದರಲ್ಲಿ ಸ್ಲೀಪರ್ ಇದೆ, ಕಾಲು ಚಾಚಬಹುದು. ಇದರ ಪ್ಯಾಂಟ್ರಿಯ ಊಟತಿಂಡಿಗೆ ಮೊದಲಿನಿಂದಲೂ ಒಳ್ಳೆಯ ಹೆಸರು. ಗೋವಾದಲ್ಲಿ ರೂಮು ಮೊದಲೇ ಗೊತ್ತುಮಾಡಿದ್ದರೆ ಮಾಂಡೋವಿ, ಇಳಿದು ಹುಡುಕುವವರಾದರೆ ಜನಶತಾಬ್ದಿ. ವಂದೇ ಭಾರತ್ 2023ರಿಂದ ಓಡುತ್ತಿದೆ. ಅದರ ದರದಲ್ಲಿ ಗೋವಾದ ಸಾಧಾರಣ ಲಾಡ್ಜಿನಲ್ಲಿ ಇಬ್ಬರೂ ಒಂದು ರಾತ್ರಿ ಕಳೆಯಬಹುದು, ಹಾಗಾಗಿ ಈ ಲೆಕ್ಕಕ್ಕೆ ಅದು ಬರುವುದಿಲ್ಲ.

ಸ್ಲೀಪರ್ ಹಿಡಿಯುವ ಜೋಡಿ ಸೈಡ್ ಲೋವರ್ ಮತ್ತು ಸೈಡ್ ಅಪ್ಪರ್ ಕೇಳಬೇಕು. ಹಗಲಲ್ಲಿ ಸೈಡ್ ಲೋವರ್ ಮಡಚಿ ಎದುರುಬದುರಿನ ಎರಡು ಒಂಟಿ ಸೀಟಾಗುತ್ತದೆ. ಇಬ್ಬರಿಗೂ ಕಿಟಕಿ, ಮೂರನೆಯವರ ಮೊಣಕೈ ಇಲ್ಲ. 7–8, 15–16, 23–24 ಹೀಗೆ ಎಂಟೆಂಟರ ಲೆಕ್ಕದಲ್ಲಿ ಈ ಜೋಡಿ ಬರ್ತ್‌ಗಳು ಬರುತ್ತವೆ. 7–8 ಮತ್ತು ಕೋಚಿನ ಕೊನೆಯ ಜೋಡಿ ಶೌಚಾಲಯದ ಪಕ್ಕ, ಅವು ಬೇಡ. ಆರ್‌ಎಸಿ (ಪೂರ್ತಿ ಬರ್ತ್ ಇಲ್ಲದೆ ಒಂದನ್ನೇ ಇಬ್ಬರು ಹಂಚಿಕೊಂಡು ಕೂರುವ ಟಿಕೆಟ್) ಬಂದರೂ ಗಾಬರಿ ಬೇಡ: ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ, ಇಬ್ಬರಿಗೂ ಆರ್‌ಎಸಿ ಆದರೆ ಸಾಮಾನ್ಯವಾಗಿ ಒಂದೇ ಸೈಡ್ ಲೋವರ್ ಹಂಚಿಕೆಯಾಗುತ್ತದೆ. ಹಗಲು ಪ್ರಯಾಣಕ್ಕೆ ಅದು ಕನ್‌ಫರ್ಮ್ ಮಿಡ್ಲ್ ಬರ್ತ್‌ಗಿಂತ ಎಷ್ಟೋ ವಾಸಿ. ವೇಟಿಂಗ್ ಲಿಸ್ಟ್ ಮಾತ್ರ ಬೇರೆ ಕಥೆ. ಆನ್‌ಲೈನ್ ವೇಟಿಂಗ್ ಟಿಕೆಟ್ ಚಾರ್ಟ್ (ಪ್ರಯಾಣಿಕರ ಕೊನೆಯ ಪಟ್ಟಿ) ಆದೊಡನೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಸ್ಲೀಪರ್ ಹತ್ತುವಂತಿಲ್ಲ.

ಮುಂಗಡ ಬುಕಿಂಗ್ ಅವಧಿ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ. ಡಿಸೆಂಬರ್ ಕೊನೆಯ ವಾರ ಮತ್ತು ಗಣೇಶ ಚೌತಿಯ ಹೊತ್ತಿಗೆ ಹೋಗುವವರು ಅರವತ್ತು ದಿನ ಮುಂಚೆ ಬೆಳಗ್ಗೆ 8ಕ್ಕೇ ಬುಕಿಂಗ್‌ಗೆ ಕೂರಬೇಕು. ಚೌತಿಗೆ ಮುಂಬೈನ ಕೊಂಕಣಿಗರೆಲ್ಲ ಊರಿಗೆ ಹೊರಡುತ್ತಾರೆ, ಆ ಹದಿನೈದು ದಿನ ಈ ಮಾರ್ಗದಲ್ಲಿ ಅಗ್ಗದ ಪ್ರವಾಸದ ಯೋಚನೆಯನ್ನೇ ಬಿಡುವುದು ಲೇಸು. ಕೊನೆಗಳಿಗೆಯ ಟಿಕೆಟ್ಟಾದ ತತ್ಕಾಲ್ ಸ್ಲೀಪರ್‌ಗೆ ಹಿಂದಿನ ದಿನ ಬೆಳಗ್ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ, ರೈಲ್ವೆಯ ಟಿಕೆಟ್ ತಾಣವಾದ ಐಆರ್‌ಸಿಟಿಸಿಯ ಖಾತೆಗೆ ಆಧಾರ್ ದೃಢೀಕರಣ ಆಗಿರದಿದ್ದರೆ ಆನ್‌ಲೈನ್ ತತ್ಕಾಲ್ ಇಲ್ಲ. ಅದನ್ನು ಮನೆಯಲ್ಲೇ ಮುಗಿಸಿಕೊಳ್ಳಿ. ಸಮುದ್ರದಂಡೆಯ ಹೋಮ್‌ಸ್ಟೇಯಲ್ಲಿ ಒಂದು ಗೆರೆ ನೆಟ್‌ವರ್ಕ್ ಇಟ್ಟುಕೊಂಡು ಒಟಿಪಿ ಕಾಯುವ ಕೆಲಸ ಅದಲ್ಲ.

ದರದ ಬಗ್ಗೆ ಒಂದು ಮಾತು. ಬೇರೆ ಮಾರ್ಗದಲ್ಲಿ ಇಷ್ಟೇ ಕಿಲೋಮೀಟರಿಗೆ ಕಡಿಮೆ ಇದೆಯಲ್ಲ ಎಂದು ಹಲವರಿಗೆ ಅನಿಸುತ್ತದೆ. ಅನಿಸಿಕೆ ಸರಿ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರು ತನಕದ ಕೊಂಕಣ ರೈಲ್ವೆ ಭಾಗದಲ್ಲಿ ಪ್ರಯಾಣಿಕರ ದೂರವನ್ನು ನೂರಕ್ಕೆ 40ರಷ್ಟು ಹಿಗ್ಗಿಸಿ ದರ ಹಾಕುತ್ತಾರೆ. ಮಾರ್ಗ ಕಟ್ಟಿದ ಖರ್ಚು ಹಾಗೆ ವಾಪಸ್ ಬರಬೇಕಲ್ಲ: 91 ಸುರಂಗ, ಸಾವಿರಾರು ಸೇತುವೆ.

ನೋಟ ಹೇಗಿದೆ? ಸಮುದ್ರ ಕಾಣುತ್ತದೆಂದು ಹತ್ತಿದವರಿಗೆ ನಿರಾಸೆ ಖಂಡಿತ. ಹಳಿ ಬಹುಪಾಲು ಒಳನಾಡಿನಲ್ಲಿದೆ. ಸಿಗುವುದು ನದಿಗಳು, ಗದ್ದೆ, ಕೆಂಪು ಜಂಬಿಟ್ಟಿಗೆಯ ಗುಡ್ಡ. ರತ್ನಾಗಿರಿಗೆ ಮುಂಚೆ ಆರೂವರೆ ಕಿಲೋಮೀಟರಿನ ಕರಬುಡೆ ಸುರಂಗ, ರತ್ನಾಗಿರಿ ದಾಟಿದ ಮೇಲೆ 64 ಮೀಟರ್ ಎತ್ತರದ ಪಾನ್ವಲ್ ನದಿ ಸೇತುವೆ. ಕರ್ನಾಟಕದಲ್ಲಿ ಕಾರವಾರದ ಕಾಳಿ, ಹೊನ್ನಾವರದ ಶರಾವತಿ. ಶರಾವತಿಯ ಸೇತುವೆ ಎರಡು ಕಿಲೋಮೀಟರಿನಷ್ಟಿದೆ, ಇಡೀ ಮಾರ್ಗದಲ್ಲಿ ಅತಿ ಉದ್ದದ್ದು. ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕೂತರೆ ನದಿ ಕಡಲು ಸೇರುವ ಕಡೆ ಕಾಣುತ್ತದೆ. ದೂಧಸಾಗರ ಈ ಮಾರ್ಗದಲ್ಲಿ ಇಲ್ಲವೇ ಇಲ್ಲ. ಅದು ಮಡಗಾಂವ್‌ನಿಂದ ಲೋಂಡಾ ಕಡೆಗೆ ಹೋಗುವ ಹಳಿಯಲ್ಲಿದೆ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ ನೋಡಬೇಕಾದರೂ ಹೆದ್ದಾರಿಯ ಬಸ್ಸೇ ಹತ್ತಬೇಕು.

ತಡ ಇದರ ಹಳೆಯ ಕಾಯಿಲೆ. ಬಹುಪಾಲು ಒಂಟಿ ಹಳಿ, ಎದುರಿನ ರೈಲು ದಾಟುವ ತನಕ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಲೇಬೇಕು. ವೇಗದ ರೈಲಿಗೆ ಮೊದಲ ದಾರಿ, ಪ್ಯಾಸೆಂಜರ್ ಕೊನೆಗೆ. ಜೂನ್ ಮಧ್ಯದಿಂದ ಅಕ್ಟೋಬರಿನ ತನಕ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಮಣ್ಣು ಕುಸಿಯುವ ಭಯಕ್ಕೆ ವೇಗ ಇಳಿಸುತ್ತಾರೆ, ಮಳೆ ಜೋರಾಗಿ ಮುಂದಿನ ಹಳಿ ಕಾಣದಿದ್ದರೆ ಗಂಟೆಗೆ 40 ಕಿಲೋಮೀಟರು. ಹಳೆಯ ಸಮಯ ನಂಬಿ ಕೊನೆಯ ಬಸ್ಸಿಗೆ ಲೆಕ್ಕ ಹಾಕಿದರೆ ಕೆಡುತ್ತದೆ. ಸುರಂಗ ಮತ್ತು ಕಡಿದ ಗುಡ್ಡಗಳ ನಡುವೆ ನೆಟ್‌ವರ್ಕ್ ಸಾಯುವುದರಿಂದ ಯುಪಿಐ ಕೈಕೊಡುತ್ತದೆ, ಹತ್ತು ಇಪ್ಪತ್ತರ ಚಿಲ್ಲರೆ ಇರಲಿ. ರೈಲ್ವೆಯದೇ ಬಾಟಲಿ ನೀರಾದ ರೈಲ್ ನೀರ್ ಒಂದು ಲೀಟರಿಗೆ ಈಗ 14 ರೂಪಾಯಿ. 20 ಕೇಳಿದರೆ ಬಿಲ್ ಕೇಳಿ, ದನಿ ಇಳಿಯುತ್ತದೆ.

ಇನ್ನು ನಿಜವಾದ ಖರ್ಚಿನ ಜಾಗಕ್ಕೆ ಬರೋಣ. ಮುಂಬೈನಲ್ಲಿ ರಾತ್ರಿ ಉಳಿಯುವುದೇ ಈ ಪ್ರವಾಸದ ಅತಿ ದುಬಾರಿ ಬಾಬತ್ತು. ಊರು ನೋಡುವ ದಿನ ಸಿಎಸ್‌ಎಂಟಿಯ ಕ್ಲೋಕ್ ರೂಮಿನಲ್ಲಿ ಬ್ಯಾಗಿಟ್ಟು, ಹಗಲಿನ ನೋಟದ ಆಸೆ ಬಿಟ್ಟು ರಾತ್ರಿ ಪ್ರಯಾಣಕ್ಕೆ ಹೊಂದಿಸಿಕೊಂಡರೆ ಒಂದು ರೂಮಿನ ಬಾಡಿಗೆ ಉಳಿಯಿತು. ಬೀಗ ಹಾಕದ ಬ್ಯಾಗನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಟ್ರೆಕ್ಕಿಂಗ್ ಬ್ಯಾಗಿನ ದಾರ ಎಳೆಯುವ ಬಾಯಿಗೆ ಬೀಗ ಕೂರುವುದಿಲ್ಲ, ಹಾಗಾಗಿ ಸುತ್ತ ಜಿಪ್ ಇರುವ ಬ್ಯಾಗೇ ಒಳ್ಳೆಯದು, ಜೊತೆಗೆ ಎರಡು ಸಣ್ಣ ಬೀಗ. ತಿಲಕ್ ಟರ್ಮಿನಸ್‌ಗೆ ಹೋಗುವವರು ಹಾರ್ಬರ್ ಲೈನಿನ ಲೋಕಲ್ ರೈಲು ಹಿಡಿದು ತಿಲಕ್ ನಗರದಲ್ಲಿ ಇಳಿದು ನಡೆಯಬಹುದು, ಟ್ಯಾಕ್ಸಿ ಬೇಕಿಲ್ಲ.

ಸ್ಟೇಷನ್ನಿನ ರಿಟೈರಿಂಗ್ ರೂಮು ಜೋಡಿಗೆ ಒಳ್ಳೆಯದೇ, ಆದರೆ ಡಬಲ್ ರೂಮು ಸಿಕ್ಕರೆ ಮಾತ್ರ. ಡಾರ್ಮಿಟರಿ ಸಾಮಾನ್ಯವಾಗಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಎಷ್ಟೋ ಕಡೆ ಹೆಂಗಸರಿಗೆ ಇಲ್ಲವೇ ಇಲ್ಲ. ಕನ್‌ಫರ್ಮ್ ಅಥವಾ ಆರ್‌ಎಸಿ ಪಿಎನ್‌ಆರ್ ಇರಬೇಕು, ಹೆಚ್ಚೆಂದರೆ 48 ತಾಸು. ಹಾಸ್ಟೆಲ್ ಅಗ್ಗ ಎನ್ನುವುದು ಒಬ್ಬರ ಲೆಕ್ಕ. ಅಲ್ಲಿ ದರ ಹಾಸಿಗೆಗೆ, ಲಾಡ್ಜಿನಲ್ಲಿ ರೂಮಿಗೆ. ಇಬ್ಬರಾದಾಗ ಎರಡು ಡಾರ್ಮ್ ಹಾಸಿಗೆಯ ಮೊತ್ತಕ್ಕೆ ಎಷ್ಟೋ ಕಡೆ ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜಿನ ಡಬಲ್ ರೂಮೇ ಸಿಗುತ್ತದೆ, ಬಾತ್‌ರೂಮೂ ನಿಮ್ಮದೇ. ಮದುವೆಯಾಗದ ಜೋಡಿಗೆ ರೂಮು ಕೊಡಬಾರದೆಂದು ಕಾನೂನಿಲ್ಲ. ಆದರೂ ನಿರಾಕರಿಸುವ ಲಾಡ್ಜ್‌ಗಳಿವೆ, ಅದೇ ಊರಿನ ಐಡಿ ಆದರೆ ಇನ್ನೂ ಕಷ್ಟ. ದುಡ್ಡು ಕಟ್ಟುವ ಮುಂಚೆ ಫೋನಿನಲ್ಲಿ ಕೇಳಿಬಿಡುವುದೇ ನೆಮ್ಮದಿ. ಇಬ್ಬರದೂ ವಿಳಾಸವಿರುವ ಗುರುತುಪತ್ರ ಇರಲಿ, ಪಾನ್ ಕಾರ್ಡ್ ಸಾಲದು.

ಗೋವಾದಲ್ಲಿ ಮಡಗಾಂವ್ ಸ್ಟೇಷನ್ನೇ ಎಲ್ಲಕ್ಕೂ ಹತ್ತಿರ ಎಂದುಕೊಳ್ಳಬೇಡಿ. ಪಣಜಿಗೆ ಕರ್ಮಲಿ, ಉತ್ತರದ ಬೀಚ್‌ಗಳಿಗೆ ಥಿವಿಂ, ದಕ್ಷಿಣದ ಪಾಳೊಳೆಂ ಬೀಚಿಗೆ ಕಾಣಕೋಣ. ಮಡಗಾಂವ್–ಪಣಜಿ ನಡುವೆ ಗೋವಾ ಸರ್ಕಾರದ ಕದಂಬ ಸಾರಿಗೆಯ ತಡೆರಹಿತ ಬಸ್ ಇದೆ, ಟಿಕೆಟ್ ಕೌಂಟರಿನಲ್ಲೇ ತೆಗೆದುಕೊಳ್ಳಬೇಕು. ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ನಂಬರ್ ಇರುವುದನ್ನೇ ತೆಗೆದುಕೊಳ್ಳಿ. ಬಿಳಿ ಹಲಗೆಯದು ಖಾಸಗಿ ಗಾಡಿ, ಬಾಡಿಗೆಗೆ ಕೊಡುವಂತಿಲ್ಲ, ಪೊಲೀಸರು ಹಿಡಿದರೆ ದಂಡ ಬೀಳುತ್ತದೆ.

ಕಾರವಾರ ದಾಟಿದ ಮೇಲೆ ಲೆಕ್ಕವೇ ಬದಲಾಗುತ್ತದೆ. ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ ಉಚಿತ. ಕರ್ನಾಟಕದ ವಿಳಾಸವಿರುವ ಆಧಾರ್ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡರಾಯಿತು. ರಾಜಹಂಸ, ಎಸಿ, ಸ್ಲೀಪರ್ ಬಸ್ಸಿಗೆ ಇದು ಅನ್ವಯಿಸದು. ಅಂದರೆ ಕಾರವಾರ–ಅಂಕೋಲಾ–ಕುಮಟಾ–ಹೊನ್ನಾವರ–ಭಟ್ಕಳ ಭಾಗದಲ್ಲಿ, ಹೆಂಡತಿಯೋ ಗೆಳತಿಯೋ ಕರ್ನಾಟಕದವಳಾದರೆ, ಜೋಡಿಯ ಬಸ್ ಖರ್ಚು ಅರ್ಧ. ಬಸ್ಸು ಊರೊಳಗೇ ಇಳಿಸುವುದರಿಂದ ಆಟೊ ಖರ್ಚೂ ಇಲ್ಲ. ಈ ಒಂದು ಭಾಗದಲ್ಲಿ ರೈಲಿಗಿಂತ ಬಸ್ಸೇ ಮೇಲು, ಅನುಮಾನ ಬೇಡ. ಕುಂದಾಪುರದಿಂದ ಮಂಗಳೂರಿನ ತನಕ ಮತ್ತೆ ಖಾಸಗಿ ಬಸ್ಸುಗಳದೇ ದರ್ಬಾರು. ಅಲ್ಲಿ ಇಬ್ಬರೂ ದುಡ್ಡು ಕೊಡಬೇಕು, ಆದರೆ ಬಸ್ಸಿಗೆ ಕಾಯುವ ಕೆಲಸವಿಲ್ಲ.

ಗೋಕರ್ಣ ರೋಡ್ ಸ್ಟೇಷನ್ನಿನಿಂದ ಗೋಕರ್ಣ ಸುಮಾರು ಹತ್ತು ಕಿಲೋಮೀಟರು. ಹಗಲಲ್ಲಿ ಇಳಿದರೆ ಮಾದನಗೇರಿ ಕ್ರಾಸಿಗೆ ನಡೆದು ಬಸ್ ಹಿಡಿಯಬಹುದು. ರಾತ್ರಿ ಇಳಿದರೆ ಆಟೊ ಒಂದೇ ಗತಿ. ಗೋಕರ್ಣದಿಂದ ಕುಮಟಾಕ್ಕೆ ಹೋಗುವಾಗ ಬಸ್ ಬಿಟ್ಟು ತದಡಿಗೆ ಹೋಗಿ, ಅಲ್ಲಿಂದ ಹೊಳೆ ದಾಟಿಸುವ ದೋಣಿಯಲ್ಲಿ ಅಘನಾಶಿನಿ ಊರಿಗೆ ಬಂದು ಮುಂದೆ ಹೋಗುವುದು ಇಡೀ ದಾರಿಯಲ್ಲೇ ಅಗ್ಗದ ಜಲವಿಹಾರ. ಉಡುಪಿ ಸ್ಟೇಷನ್ ಇಂದ್ರಾಳಿಯಲ್ಲಿದೆ, ಮಣಿಪಾಲ ರಸ್ತೆಗೆ ಬಂದರೆ ಸಿಟಿ ಬಸ್ ಸಿಗುತ್ತದೆ.

ಮಂಗಳೂರಿನಲ್ಲಿ ಎರಡು ಸ್ಟೇಷನ್. ಊರ ನಡುವಿನದು ಸೆಂಟ್ರಲ್. ಮುಂಬೈ ಕಡೆಯಿಂದ ನೇರ ಕೇರಳಕ್ಕೆ ಹೋಗುವ ರೈಲುಗಳು ನಿಲ್ಲುವುದು ಪಡೀಲ್ ಹತ್ತಿರದ ಜಂಕ್ಷನ್ನಿನಲ್ಲಿ. ಇಳಿಯುವುದು ಒಂದರಲ್ಲಿ, ಮುಂದಿನ ರೈಲು ಇನ್ನೊಂದರಲ್ಲಿ ಎಂದಾದರೆ ನಡುವೆ ಕನಿಷ್ಠ ಎರಡು ತಾಸು ಬಿಡಿ. ಕೊಚ್ಚಿ, ಆಲಪ್ಪುಳ ತನಕ ಮುಂದುವರಿಸುವವರು ಸಾವಿರಾರು ರೂಪಾಯಿಯ ಹೌಸ್‌ಬೋಟ್ ಬದಲು ಕೇರಳ ಜಲಸಾರಿಗೆ ಇಲಾಖೆಯ ಆಲಪ್ಪುಳ–ಕೋಟ್ಟಯಂ ದೋಣಿ ಹತ್ತಲಿ. ಮೂವತ್ತು ರೂಪಾಯಿಯ ಆಸುಪಾಸಿಗೆ ಎರಡೂವರೆ ತಾಸು ಅದೇ ಹಿನ್ನೀರು. ಅಂತರಗಂಗೆ ಕಳೆ ತುಂಬಿದಾಗ ಅಥವಾ ದೋಣಿಗೆ ದಾರಿ ಬಿಡಲು ಮೇಲೆತ್ತುವ ಕಾಲುವೆಯ ಸೇತುವೆ ಏಳದಿದ್ದಾಗ ದೋಣಿ ಕೋಟ್ಟಯಂ ತನಕ ಹೋಗದೆ ಕಾಂಞಿರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಬಸ್ಸಿದೆಯೇ ಎಂದು ಹತ್ತುವಾಗಲೇ ಜೆಟ್ಟಿಯ ಕೌಂಟರಿನಲ್ಲಿ ಕೇಳಿಕೊಳ್ಳಿ.