ಮುಂಬಯಿಯ ಕ್ರೈಸ್ತ ವಿವಾಹ ಮಾಹಿತಿ ಕೇಂದ್ರ: ನಮ್ಮ ಅನುಭವ

ದಾದರ್ ಕಡೆಯ ಕ್ರೈಸ್ತ ಸಭೆಯೊಂದು (ಚರ್ಚ್) ಕನ್ನಡ ಕ್ರೈಸ್ತರಿಗಾಗಿ ನಡೆಸುವ ವಿವಾಹ ಮಾಹಿತಿ ಕೇಂದ್ರದಲ್ಲಿ ನನ್ನ ತಂಗಿಯ ಹೆಸರನ್ನು ನೋಂದಾಯಿಸಿದ್ದೆವು. ಭಾನುವಾರದ ಆರಾಧನೆಯ ನಂತರ ಹಿರಿಯರೊಬ್ಬರು ಮೇಜಿನ ಮೇಲೆ ಎರಡು ಕಡತಗಳನ್ನು ತೆರೆದಿಡುತ್ತಾರೆ. ವಧುಗಳ ಕಡತ ದಾರ ಕಟ್ಟಿದರೂ ಮುಚ್ಚಿಕೊಳ್ಳದಷ್ಟು ಉಬ್ಬಿದೆ, ವರರದು ತೀರಾ ತೆಳ್ಳಗಿದೆ. ಶುಲ್ಕ ಕಡಿಮೆ. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಪ್ರಮಾಣಪತ್ರವನ್ನೂ ಸಭಾಪಾಲಕರ (ಪಾದ್ರಿಯ) ಪತ್ರವನ್ನೂ ಪರಿಶೀಲಿಸದೆ ಯಾರ ವಿವರವನ್ನೂ ಕೊಡುವುದಿಲ್ಲವೆಂಬುದು ನಿಜಕ್ಕೂ ಮೆಚ್ಚತಕ್ಕದ್ದು.

ಗಂಡಸರ ಕೊರತೆ ಕೇಂದ್ರದ ತಪ್ಪಲ್ಲ. ಅಮೆರಿಕದಲ್ಲಿ ಪ್ಯೂ ಸಂಶೋಧನಾ ಕೇಂದ್ರವು 2014ರಲ್ಲಿ ನಡೆಸಿದ ಸಮೀಕ್ಷೆಯಲ್ಲಿಯೂ ಕ್ರೈಸ್ತರ ಪೈಕಿ ಶೇ. 55ರಷ್ಟು ಮಹಿಳೆಯರೇ ಇದ್ದರು. ಆದರೆ ಕ್ರಿಸ್ತನಲ್ಲಿ ನಂಬಿಕೆಯುಳ್ಳ ವಿಶ್ವಾಸಿಯನ್ನೇ ಮದುವೆಯಾಗಬೇಕೆಂದು ಹೆಣ್ಣುಮಕ್ಕಳಿಗೆ ವರ್ಷಗಟ್ಟಲೆ ಬೋಧಿಸಿದ ನಾವೇ, ಅಂಥ ಗಂಡು ಸಿಗದೆ ವಯಸ್ಸು ಮೀರುತ್ತಿರುವಾಗ, ಕ್ರಿಸ್ಮಸ್‌ಗೆ ಮಾತ್ರ ದೇವಾಲಯದ ಮೆಟ್ಟಿಲು ಹತ್ತುವವನನ್ನು ತೋರಿಸಿ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಎನ್ನುವುದು ಅನ್ಯಾಯ. ತಂಗಿಗೆ ಇಲ್ಲಿ ಕೇಳಿಬಂದದ್ದು ಇದೇ ಮಾತು. ಅವಳು ಅಂದು ಊಟ ಮಾಡಲಿಲ್ಲ.

ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯದಲ್ಲಿ ಅವಿವಾಹಿತರಾಗಿ ಉಳಿಯುವುದನ್ನೂ ಒಳ್ಳೆಯದೆಂದೇ ಹೇಳುತ್ತಾನೆ. ಒಂಟಿಯಾಗಿರುವ ಹೆಣ್ಣುಮಕ್ಕಳನ್ನು ಭಾನುವಾರ ಶಾಲೆಗೂ ಗಾಯನವೃಂದಕ್ಕೂ ದುಡಿಸಿಕೊಳ್ಳುವ ಸಭೆಗಳು ಅವರನ್ನು ಆಡಳಿತ ಸಮಿತಿಯಲ್ಲಿಯೂ ಕೂರಿಸಬೇಕು.

ಪ್ರಾಮಾಣಿಕತೆಗಾಗಿ ಈ ಕೇಂದ್ರಕ್ಕೆ ಹೋಗಬಹುದು. ಪುಣೆ, ಧಾರವಾಡ, ಮಂಗಳೂರಿನ ಸಭೆಗಳೊಂದಿಗೆ ಪಟ್ಟಿಯನ್ನು ಹಂಚಿಕೊಳ್ಳುವ ವ್ಯವಸ್ಥೆಯನ್ನು ಅವರು ಆದಷ್ಟು ಬೇಗ ಮಾಡಬೇಕು, ಹೆಣ್ಣುಮಕ್ಕಳೊಂದಿಗೆ ಮಾತನಾಡಲು ಒಬ್ಬ ಮಹಿಳೆಯನ್ನೂ ನೇಮಿಸಬೇಕು.