58 ಸಿಸಿ ಚೈನಾ ಮಷಿನ್, 30 ಸಿಸಿ ಸ್ಟಿಲ್ ಕಂಪನಿದು, ಸಣ್ಣದೊಂದು ಬ್ಯಾಟರಿದು: ವರ್ಷಾನುಗಟ್ಲೆ ಬಳಸಿದ ಮ್ಯಾಗ ಬರದದ್ದು

ಚೈನ್ ಸಾ (ಕಟ್ಟಿಗಿ ಕೊಯ್ಯೋ ಮಷಿನ್) ತಗೊಳ್ಳೋರಿಗಿ ಮೊದ್ಲ ಒಂದ್ ಮಾತು ಹೇಳಿಬಿಡ್ತೀನಿ, ಡಬ್ಬಿ ಮ್ಯಾಲಿನ ಸಿಸಿ ನೋಡಿ ತಗೋಬ್ಯಾಡ್ರಿ, ಅದಕ್ಕ ಯಾವ ಚೈನ್ ಬರ್ತದ, ಆ ಚೈನ್ ನಿಮ್ಮೂರ ಹತ್ರ ಸಿಗ್ತದೋ ಇಲ್ಲೋ ಅದನ್ನ ನೋಡಿ ತಗೋರಿ. ನಮ್ಮದು ವಿಜಯಪುರ ಜಿಲ್ಲಾದ ಇಂಡಿ ಕಡೆ ಹೊಲ, ಲಿಂಬಿ ಗಿಡ ಜಾಸ್ತಿ, ಒಡ್ಡಿನ ಮ್ಯಾಗ ಬಳ್ಳಾರಿ ಜಾಲಿ, ಮನಿ ಮುಂದ ಬೇವು, ಮುಂಗಾರಿಗಿ ಮೊದ್ಲ ಗಾಳಿ ಬಿಟ್ಟಾಗ ಏನರೆ ಒಂದು ಬಿದ್ದೇ ಬಿದ್ದಿರ್ತದ. ಹಿಂಗಾಗಿ ಮನ್ಯಾಗ ಈಗ ಮೂರು ಮಷಿನ್ ಅವ, ಮೂರೂ ಬೇಕಾಗೇ ತಗೊಂಡದ್ದು (ಮನಿಯವ್ರು ಒಪ್ಪಂಗಿಲ್ಲ, ಆ ಮಾತು ಬ್ಯಾರೆ).

ಮೊದ್ಲ ಬಂದದ್ದು ಆನ್‌ಲೈನ್‌ದಾಗ ಏಳೆಂಟು ಸಾವಿರಕ್ಕ ಸಿಗೋ ಚೈನಾ ಮಷಿನ್, 22 ಇಂಚಿನ ಬಾರ್ (ಚೈನ್ ಸುತ್ತ ತಿರಗೋ ಉದ್ದನ ಪಟ್ಟಿ), ದೊಡ್ಡದಾಗಿ 58 ಸಿಸಿ ಅಂತ ಸ್ಟಿಕರ್. ಕಂಪನಿ ಹೆಸ್ರು ಬಿಡ್ರಿ, ಅದ ಮಷಿನ್ ಹತ್ತು ಹೆಸರಿನ್ಯಾಗ ಹತ್ತು ಬಣ್ಣದಾಗ ಬರ್ತದ. ಈ ಥರದ ಬಾಳಷ್ಟು ಮಷಿನ್‌ಗಿ ಬರೋ ಸಿಲಿಂಡರ್ ಕಿಟ್ ನೋಡಿದ್ರ ಬೋರ್ (ಸಿಲಿಂಡರಿನ ಒಳ ಅಗಲ) 45.2 ಎಂಎಂ, ಸ್ಟ್ರೋಕ್ (ಪಿಸ್ಟನ್ ಓಡಾಡೋ ದೂರ) 34 ಎಂಎಂ, ಲೆಕ್ಕ ಹಾಕಿದ್ರ ಸುಮಾರು 54.5 ಸಿಸಿ ಆಗ್ತದ, ಉಳಿದ ಮೂರೂವರಿ ಸಿಸಿ ಬರೇ ಸ್ಟಿಕರಿನ್ಯಾಗ ಅದ. ಹಂಗಂತ ಕೆಟ್ಟ ಮಷಿನ್ ಅನ್ನಂಗಿಲ್ಲ. ತಂದ ಹೊಸದರಾಗ ಸ್ಟಾರ್ಟರ್ ಸ್ಪ್ರಿಂಗ್ ಹೋತು, ಆಮ್ಯಾಗ ಗುಡುಗುಡು ಅಲುಗಾಡಿ ಅಲುಗಾಡಿ ಸೈಲೆನ್ಸರ್ ಬೋಲ್ಟ್ ಸಡ್ಲ ಆಗ್ತಾನ ಇರ್ತಾವ, ಈಗ್ಲೂ ಪ್ರತಿ ಸಲ ಕೆಲಸಕ್ಕ ಹೊಂಡೂಕಿಂತ ಮೊದ್ಲ ಎಲ್ಲಾ ಬೋಲ್ಟ್ ಟೈಟ್ ಮಾಡೂದ ರೂಢಿ. ಆದ್ರ ಸಾಮಾನು ಅಗ್ಗ, ಕಾರ್ಬುರೇಟರ್ ಇಡೀದ ಬದಲಿ ಮಾಡಿದ್ರೂ ಕಿಸೆಕ್ಕ ಭಾರ ಆಗಂಗಿಲ್ಲ, ಟೂ ಸ್ಟ್ರೋಕ್ ಗೊತ್ತಿರೋ ಯಾವ ಮೆಕ್ಯಾನಿಕ್ ಆದ್ರೂ ಬಿಚ್ಚಿ ಜೋಡಿಸ್ತಾನ. ಅದರ ಖರೇ ತ್ರಾಸ ಅಂದ್ರ ಆ 22 ಇಂಚಿನ ಬಾರ್. ಒಣಗಿದ ಜಾಲಿ ಬೊಡ್ಡಿ ಅಂದ್ರ ಕಬ್ಬಿಣ ಇದ್ದಂಗ, ಅಷ್ಟುದ್ದ ಬಾರ್ ಪೂರ್ತಿ ಒಳಗ ಹೋದ್ರ ಎಂಜಿನ್ ಏದುಸಿರು ಬಿಡ್ತದ. ಅದನ್ನ ತೆಗದು 18 ಇಂಚಿನ ಬಾರ್, 72 ಲಿಂಕಿನ ಚೈನ್ ಹಾಕ್ಸಿದ್ಯಾ, ಅವತ್ತಿನಿಂದ ಅದು ಬ್ಯಾರೇನ ಮಷಿನ್ ಆಗ್ಯದ.

ಎರಡನೇದು ಸ್ಟಿಲ್ ಕಂಪನಿದ ಎಂಎಸ್ 170. ಬರೇ 30 ಸಿಸಿ, ಚೈನಾದಕ್ಕಿಂತ ರೊಕ್ಕ ಬಾಳ ಹೆಚ್ಚು. ಲಿಂಬಿ ಗಿಡ, ಬೇವಿನ ಟೊಂಗಿ, ತೊಡಿ ದಪ್ಪಿನ ತನಕ ಜಾಲಿ, ಇಷ್ಟಕ್ಕ ಇದ ನನ್ನ ಕೈಗಿ ಮೊದ್ಲ ಬರೋ ಮಷಿನ್, ಹಗೂರ ಅದ, ಎರಡ್ಮೂರು ಎಳತಕ್ಕ ಚಾಲೂ ಆಗ್ತದ. ಮನಿ, ಹೊಲ ಅಷ್ಟ ಇದ್ದೋರಿಗಿ ಇದಕ್ಕಿಂತ ಹೆಚ್ಚು ಬ್ಯಾಡ. ಆದ್ರ ದಿನಾ ಬೆಳಿಗ್ಗಿಯಿಂದ ಸಂಜಿ ತನಕ ದಿಮ್ಮಿ ಕೊಯ್ದು ಕಟ್ಟಿಗಿ ಅಡ್ಡೆಗಿ ಹಾಕೋರು ಇದನ್ನ ತಗೊಂಡ್ರ ಮಷಿನ್‌ಗೂ ಅನ್ಯಾಯ, ಅವ್ರ ಕೈಗೂ ಅನ್ಯಾಯ. ನಮ್ಮೂರಾಗ ಆ ಧಂದೆ ಮಾಡೋ ಅಣ್ಣಾರ ಹತ್ರ 72 ಸಿಸಿದು ಎಂಎಸ್ 382 ಅದ, ಹುಣಸಿ ಬೊಡ್ಡಿಗಿ ಇಟ್ರ ನಿಂದರಂಗಿಲ್ಲ, ಹಂಗ ಅದನ್ನ ಹಿಡಿಯೋ ರಟ್ಟಿನೂ ಬೇಕು.

ಈಗ ಚೈನ್ ಮಾತು. ನಾ ನೋಡಿದಂಗ "ಮಷಿನ್ ಕೊಯ್ಯವಲ್ತು" ಅಂತ ರಿಪೇರಿಗಿ ಬರೋ ಮಷಿನ್‌ದಾಗ ಬಾಳಷ್ಟು ಕೆಟ್ಟೇ ಇರಂಗಿಲ್ಲ. ನಾ ಹೋಗೋ ಮೆಕ್ಯಾನಿಕ್ ಎಂಜಿನ್ ಮುಟ್ಟೂದೇ ಇಲ್ಲ, ಮೊದ್ಲ ಹಲ್ಲಿನ ಮ್ಯಾಗ ಉಗುರು ಆಡಿಸಿ ನೋಡ್ತಾನ, "ಗೌಡ್ರ, ಎಂಜಿನ್ ಚಲೋ ಅದ ರೀ, ಹಲ್ಲ ಸವದಾವ" ಅಂತಾನ. ಚೂಪ ಇರೋ ಚೈನ್ ಅವಲಕ್ಕಿ ಹಂಗ ಚಕ್ಕಿ ಉಗುಳ್ತದ, ತಾನಾಗೇ ಕಟ್ಟಿಗ್ಯಾಗ ಇಳೀತದ. ಸಣ್ಣ ಪುಡಿ ಬರಾಕತ್ತು, ನೀವು ಒತ್ತಬೇಕಾತು ಅಂದ್ರ ಅಲ್ಲೇ ನಿಂದರ್ಸಿ ಫೈಲ್ (ಅರ) ಹಾಕ್ರಿ, ಒತ್ತಿ ಒತ್ತಿ ಕೊಯ್ದ್ರ ಬಾರ್ ನೀಲಿ ಆಗ್ತದ, ಕ್ಲಚ್ ಸುಡ್ತದ.

ಫೈಲ್ ಸೈಜ್ ತಪ್ಪಿದ್ರ ಎಲ್ಲಾ ತಪ್ಪು. ಅದು ಚೈನಿನ ಪಿಚ್ ಮ್ಯಾಗ ಹೋಗ್ತದ, ಪಿಚ್ ಅಂದ್ರ ಇಂಚಿನ್ಯಾಗ ರಿವೆಟ್ಟಿನ ಅಂತರದ ಲೆಕ್ಕ. ಎಂಎಸ್ 170ಕ್ಕ ಬರೋದು 3/8 ಲೋ ಪ್ರೊಫೈಲ್ ಚೈನ್, ಅದಕ್ಕ 4 ಎಂಎಂ ರೌಂಡ್ ಫೈಲ್. ನನ್ನ ಚೈನಾ ಮಷಿನ್‌ದು .325, ಅದಕ್ಕ 4.8 ಎಂಎಂ. ದೊಡ್ಡ ಮಷಿನ್‌ದ ಫುಲ್ 3/8ಕ್ಕ 5.2 ಎಂಎಂ. ಚೈನ್ ಮ್ಯಾಗ ನಂಬರ್ ಅಳಿಸಿದ್ರ ಸಾಲಾಗಿ ಮೂರು ರಿವೆಟ್ ಹಿಡಿರಿ, ಮೊದಲನೇದರಿಂದ ಮೂರನೇದರ ತನಕ ಅಳತಿ ಮಾಡಿ ಅರ್ಧ ಮಾಡ್ರಿ, ಅದ ಪಿಚ್. ಪಿಚ್ ಒಂದ ಇದ್ರೂ ಗೇಜ್ (ಬಾರಿನ ಸಂದಿನ್ಯಾಗ ಕೂಡೋ ಲಿಂಕಿನ ದಪ್ಪ) 1.3, 1.5, 1.6 ಎಂಎಂ ಅಂತ ಬ್ಯಾರೆ ಇರ್ತಾವ, ಅದಕ್ಕ ಅಂಗಡಿಗಿ ಹೋಗುವಾಗ ಹಳೇ ಚೈನ್ ಕಿಸೆದಾಗ ಹಾಕ್ಕೊಂಡ ಹೋಗೂದು ಚಲೋ.

ಹಾಕೋ ಪದ್ಧತಿ ಹಿಂಗ. ಬೊಡ್ಡಿಗಿ ಒಂದು ಗೀರು ಕೊಯ್ದು ಬಾರ್ ಅದರಾಗ ಸಿಗಿಸಿ ಕುಂದ್ರುಸ್ರಿ, ಒಂದು ಹಲ್ಲಿಗಿ ಮಾರ್ಕರ್ ಹಚ್ಚಿ ಅಲ್ಲಿಂದ ಶುರು ಮಾಡ್ರಿ. 30 ಡಿಗ್ರಿ ಓರಿ, ಒಳಗಿಂದ ಹೊರಗ ಅಷ್ಟ ತಳ್ಳೂದು, ಹಿಂದಕ್ಕ ಎಳೆಯುವಾಗ ಫೈಲ್ ಎತ್ತಿಬಿಡೂದು. ಹಲ್ಲಿಗಿ ಮೂರು ಸಲ ತಳ್ಳಿದ್ರ ಎಲ್ಲಾ ಹಲ್ಲಿಗೂ ಮೂರ, ಒಂದ್ ಕಡೆದ್ದು ಮುಗಿಸಿ ಆಮ್ಯಾಗ ಆ ಕಡೆದ್ದು. ಹೆಚ್ಚು ಕಡಿಮಿ ಆದ್ರ ಕೊಯ್ತ ಸೊಟ್ಟ ಹೋಗ್ತದ. ನಾಕೈದು ಸಲ ಹಲ್ಲು ಸಾಣಿ ಆದ ಮ್ಯಾಗ ಹಲ್ಲಿನ ಮುಂದಿರೋ ಸಣ್ಣ ಗುಬ್ಬಿ, ಡೆಪ್ತ್ ಗೇಜ್ ಅಂತಾರ, ಅದನ್ನೂ ಚಪ್ಪಟ್ ಫೈಲಿನಿಂದ ಇಳಸಬೇಕು, ಹಲ್ಲಿಗಿಂತ 0.65 ಎಂಎಂ ತೆಗ್ಗು ಇದ್ರ ಸಾಕು. ಅತೀ ಮಾಡಿ ತಿಕ್ಕಿದ್ರ ಮಷಿನ್ ಕಟ್ಟಿಗಿ ಕಚ್ಚಿ ಕೈಯಾಗ ಜಗ್ತದ.

ನಮ್ಮ ಕಡೆ ಚೈನ್ ಲಗೂನ ಸಾಯೋದಕ್ಕ ಕಟ್ಟಿಗಿಗಿಂತ ಮಣ್ಣು ಕಾರಣ. ಒಡ್ಡಿನ ಜಾಲಿ ಬುಡದಾಗ ತೊಗಟಿ ತುಂಬ ಎರಿ ಮಣ್ಣು ಮೆತ್ತಿರ್ತದ, ಕೊಡ್ಲಿಯಿಂದ ಅಷ್ಟು ಕೆತ್ತಿ ಆಮ್ಯಾಗ ಮಷಿನ್ ಇಡ್ರಿ. ಬೇಲಿ ಸಾಲಿನ ಗಿಡದಾಗ ಮುಳ್ಳ ತಂತಿ ಒಳಗ ನುಂಗಿ ಹೋಗಿರ್ತದ, ಮನಿ ಮುಂದಿನ ಬೇವಿನ್ಯಾಗ ಯಾವ ಕಾಲದಾಗೋ ಹೊಡದ ಮೊಳಿ ಇರ್ತಾವ, ಒಂದು ಮೊಳಿ ಸಿಕ್ರ ಅರ್ಧ ಚೈನ್ ಹೋತು.

ಪೆಟ್ರೋಲ್ ವಿಷಯ. ಸ್ಟಿಲ್ ಕಂಪನಿದ ಟೂ ಸ್ಟ್ರೋಕ್ ಆಯಿಲ್ ಆದ್ರ ಲೀಟರ್ ಪೆಟ್ರೋಲಿಗಿ 20 ಎಂಎಲ್ ಕೂಡ್ಸಬೇಕು, ಚೈನಾದಕ್ಕ ನಾ 40 ಎಂಎಲ್ ಹಾಕ್ತೀನಿ. ಬೈಕಿನ ಎಂಜಿನ್ ಆಯಿಲ್ ಕೂಡ್ಸಬ್ಯಾಡ್ರಿ. ಈಗ ಬಂಕ್‌ದಾಗ ಬರೋದು 20 ಪರ್ಸೆಂಟ್ ಎಥೆನಾಲ್ ಇರೋದು (ಕಬ್ಬು ನಮ್ಮ ಭಾಗದ್ದ, ಬೈಯಾಕೂ ಬರಂಗಿಲ್ಲ), ಅದು ನೀರು ಹೀರ್ತದ, ಕಾರ್ಬುರೇಟರ್ ಒಳಗಿನ ಡಯಾಫ್ರಾಮ್ (ತೆಳು ಪರದಿ) ಸೆಟದು ಹೋಗ್ತದ. ಕೆಲಸ ಮುಗದ್ರ ಟ್ಯಾಂಕ್ ಖಾಲಿ ಮಾಡಿ ತಾನಾಗೇ ಬಂದ್ ಆಗೋ ತನಕ ಓಡಿಸಿಬಿಡ್ರಿ. ಮಳಿಗಾಲ ಪೂರ್ತಿ ಪೆಟ್ರೋಲ್ ಹಾಕಿಟ್ಟು ಆಮ್ಯಾಗ ಹಗ್ಗ ಜಗ್ಗಿ ಜಗ್ಗಿ ಕೈ ನೋವು ಅನ್ನೋರು ಬಾಳ ಮಂದಿ ಅದಾರ.

ಬಾರ್ ಆಯಿಲ್ (ಬಾರ್, ಚೈನಿಗಿ ಬಿಡೋ ಎಣ್ಣಿ) ಜಾಗಾದಾಗ ಟ್ರ್ಯಾಕ್ಟರ್‌ದ ಸುಟ್ಟ ಆಯಿಲ್ ಹಾಕೂದು ನಮ್ಮೂರಾಗ ಎಲ್ಲಾರ ರೂಢಿ. ಅದರಾಗ ಕಬ್ಬಿಣದ ಪುಡಿ ಇರ್ತದ, ಸಣ್ಣ ಪಂಪ್ ತಿಂದ ಹಾಕ್ತದ. ಆಯಿಲ್ ಬರ್ತದೋ ಇಲ್ಲೋ ನೋಡಾಕ ಬಾರ್ ತುದಿ ಬಿಳೇ ಗೊಬ್ಬರ ಚೀಲದ ಮ್ಯಾಗ ಗೇಣು ಎತ್ತರ ಹಿಡದು ರೇಸ್ ಮಾಡ್ರಿ, ಚೀಲದ ಮ್ಯಾಗ ಎಣ್ಣಿ ಗೆರಿ ಬಿದ್ರ ಸರಿ, ಇಲ್ಲಂದ್ರ ಬಾರ್ ಬಿಚ್ಚಿ ಎಣ್ಣಿ ತೂತಿನಾಗಿನ ಹೊಟ್ಟು ತೆಗೀರಿ. ಬಿಚ್ಚಿದಾಗೆಲ್ಲಾ ಬಾರ್ ಮಗ್ಗಲ ಬದಲಿ ಮಾಡಿ ಹಾಕಿದ್ರ ಎರಡೂ ಕಡೆ ಸಮ ಸವೀತದ.

ಆಳಿನ ಕೈಯಾಗ ಕೊಡೂ ಮುಂದ ಲುಂಗಿ, ಹೆಗಲ ಮ್ಯಾಲಿನ ಟವೆಲ್ ತೆಗಸ್ರಿ. ಬಾರ್ ತುದಿಯ ಮ್ಯಾಲಿನ ಭಾಗ ಯಾವುದಕ್ಕರೆ ತಾಗಿದ್ರ ಮಷಿನ್ ಕಣ್ಣ ಮುಚ್ಚಿ ತೆಗಿಯೋದ್ರಾಗ ಮಾರಿ ಕಡೆ ಹಾರ್ತದ, ಚೈನ್ ಬ್ರೇಕ್ ಕೆಲಸ ಮಾಡ್ತದೋ ಇಲ್ಲೋ ಚಾಲೂ ಮಾಡಿದ ಕೂಡ್ಲೆ ನೋಡ್ರಿ, ಹೆಗಲಿಗಿಂತ ಮ್ಯಾಗ ಎತ್ತಿ ಕೊಯ್ಯೂದಂತೂ ಬ್ಯಾಡೇ ಬ್ಯಾಡ. ಹಂಗ ಹೊಲ ನಮ್ದ ಅಂತ ಬೇವು, ಹುಣಸಿ ಕೆಡವಂಗಿಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆದ ಪರವಾನಗಿ ಬೇಕು, ಮೊದ್ಲ ಕೇಳ್ಕೊಂಡ ಬರ್ರಿ.

ಮೂರನೇದು ಒಂದು ಕೈಲೆ ಹಿಡಿಯೋ ಬ್ಯಾಟರಿ ಮಷಿನ್, ಆರು ಇಂಚಿಂದು. ಇದರ ಮ್ಯಾಗೂ 48 ವೋಲ್ಟ್ ಅಂತ ಸ್ಟಿಕರ್, ಬಿಚ್ಚಿ ನೋಡಿದ್ರ ಐದು ಸೆಲ್ ಸಾಲಾಗಿ ಅವ, ಪೂರ್ತಿ ಚಾರ್ಜ್ ಆದ್ರ 21 ವೋಲ್ಟ್. ಸ್ಟಿಕರ್ ಸುಳ್ಳಾದ್ರೂ ಲಿಂಬಿ ತ್ವಾಟಕ್ಕ ಇದರಂಥಾದ್ದಿಲ್ಲ, ಒಣ ಟೊಂಗಿ ತೆಗಿಯಾಕ ಮುಳ್ಳಿನ್ಯಾಗ ಕೈ ಹಾಕೂದು ತಪ್ಪೇದ, ಸಪ್ಪಳಿಲ್ಲ, ನಮ್ಮ ಅವ್ವನೂ ಕಟ್ಟಿಗಿ ತುಂಡ್ ಮಾಡ್ತಾಳ. ಮಣಿಕಟ್ಟಿಗಿಂತ ದಪ್ಪ ಇದ್ರ ಬಿಡ್ರಿ, ಬಿಸಿ ಆಗಿ ನಿಂದರ್ತದ. ಜೋಡಿ ಬ್ಯಾಟರಿ ಇರೋದ ತಗೋರಿ. ಇದರ ಚೈನಿಗಿ ನಾ ಫೈಲ್ ಹಾಕಂಗಿಲ್ಲ, ಹಲ್ಲು ಬಾಳ ಸಣ್ಣ, ಸವದ ಮ್ಯಾಗ ಹೊಸಾದ ಹಾಕ್ತೀನಿ.