ಮೆಡಿಕೇರ್ ಪಾರ್ಟ್ ಡಿ: ಬಿಲ್ ಇಳಿದಿದೆ, ತಲೆನೋವು ಇಳಿದಿಲ್ಲ

ನಮ್ಮ ಯಜಮಾನರಿಗೆ ಎದೆಬಡಿತ ಏರುಪೇರಾಗುವ ತೊಂದರೆ, ಜೊತೆಗೆ ಸಕ್ಕರೆ ಕಾಯಿಲೆ. ರಕ್ತ ಹೆಪ್ಪುಗಟ್ಟದಿರಲಿ ಅಂತ ಎಲಿಕ್ವಿಸ್, ಸಕ್ಕರೆಗೆ ಜನುವಿಯಾ. ಎರಡೂ ದುಬಾರಿ ಮಾತ್ರೆ. ಹಾಗಾಗಿ ಅಮೆರಿಕದಲ್ಲಿ 65 ತುಂಬಿದವರಿಗೆ ಸಿಗುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಔಷಧದ ಭಾಗ, ಅದೇ ಪಾರ್ಟ್ ಡಿ, ನನಗೆ ಬಾಯಿಪಾಠ. ಅಪ್ಪ ಅಮ್ಮನಿಗೆ ಪ್ಲಾನ್ ಆರಿಸಬೇಕಾದ ಇಲ್ಲಿನ ಕನ್ನಡದ ಹುಡುಗರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಈಗ ಔಷಧಕ್ಕೆ ಅಂತ ವರ್ಷಕ್ಕೆ ನಮ್ಮ ಕೈಯಿಂದ ಹೋಗುವ ದುಡ್ಡಿಗೆ ಮಿತಿ ಇದೆ. 2025ರಲ್ಲಿ 2,000 ಡಾಲರ್, 2026ಕ್ಕೆ 2,100. ಅಷ್ಟು ಮುಟ್ಟಿದ ಮೇಲೆ, ಪ್ಲಾನಿನ ಪಟ್ಟಿಯಲ್ಲಿರುವ ಔಷಧಕ್ಕೆ ಆ ವರ್ಷ ಮತ್ತೆ ದುಡ್ಡು ಕೊಡಬೇಕಿಲ್ಲ. ಇನ್ಸುಲಿನ್ ತಿಂಗಳಿಗೆ 35 ಡಾಲರ್ ದಾಟುವ ಹಾಗಿಲ್ಲ.

ಇದೆಲ್ಲ 2022ರ ಕಾನೂನಿನಿಂದ ಬಂದದ್ದು. 2003ರಲ್ಲಿ ಪಾರ್ಟ್ ಡಿ ಹುಟ್ಟುಹಾಕಿದಾಗ, ಔಷಧ ಕಂಪನಿಗಳ ಜೊತೆ ಮೆಡಿಕೇರ್ ಚೌಕಾಸಿ ಮಾಡಬಾರದು ಅಂತ ಕಾನೂನಲ್ಲೇ ಬರೆದುಬಿಟ್ಟಿದ್ದರು. ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡುವವರು ನಾವು, ಕೋಟ್ಯಂತರ ಜನರ ಮಾತ್ರೆಗೆ ಮಾಡಬಾರದಂತೆ! ಈಗ ಚೌಕಾಸಿ ಮಾಡಿದ ಮೊದಲ ಹತ್ತು ಔಷಧಗಳ ಬೆಲೆ 2026ರ ಜನವರಿಯಿಂದ ಜಾರಿಗೆ ಬಂದಿದೆ. ಒಂದು ತಿಂಗಳ ಎಲಿಕ್ವಿಸ್‌ಗೆ 2023ರಲ್ಲಿ ಪಟ್ಟಿ ಬೆಲೆ 521 ಡಾಲರ್, ಈಗ 231. ಜನುವಿಯಾ 527 ಇದ್ದದ್ದು 113.

ಹೀಗಾದರೆ ಹೊಸ ಔಷಧ ಹುಡುಕಲು ದುಡ್ಡೆಲ್ಲಿಂದ ತರುವುದು ಅನ್ನುವುದು ಕಂಪನಿಗಳ ವಾದ. ಪೂರ್ತಿ ತಳ್ಳಿಹಾಕಲಾರೆ. ಮುಂಚೆ ಇವರು ಎಲಿಕ್ವಿಸ್ ಬದಲು ಹಳೆಯ ಮಾತ್ರೆ ವಾರ್ಫರಿನ್ ನುಂಗುತ್ತಿದ್ದರು. ಆಗಾಗ ರಕ್ತ ಪರೀಕ್ಷೆ, ಪಾಲಕ್ ಎಷ್ಟು ತಿಂದರು ಅಂತ ಲೆಕ್ಕ. ಎಲಿಕ್ವಿಸ್ ಆ ಕಾಟ ತಪ್ಪಿಸಿತು. ಆದರೆ ಜನುವಿಯಾ ಪೇಟೆಗೆ ಬಂದದ್ದು 2006ರಲ್ಲಿ. ಇಷ್ಟು ವರ್ಷ ಆದಮೇಲೂ 527 ಯಾಕಪ್ಪಾ? ಅದೂ ಅಲ್ಲದೆ, ಕಂಪನಿಗಳು ಕೊಡುತ್ತಿದ್ದ ರಿಯಾಯಿತಿ ಒಳಗೊಳಗೇ ವಿಮೆಯವರಿಗೆ, ನಡುವಿನವರಿಗೆ ಹೋಗುತ್ತಿತ್ತು. ನಮ್ಮ ಪಾಲಿನ ಶೇಕಡಾ ಲೆಕ್ಕ ಹಾಕುವಾಗ ಮಾತ್ರ ರಿಯಾಯಿತಿ ಇಲ್ಲದ ಬೆಲೆ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಇನ್ನು ತಲೆನೋವು. ಪಾರ್ಟ್ ಡಿ ಸರ್ಕಾರದ್ದೇ ಆದರೂ ಪ್ಲಾನ್ ಮಾರುವುದು ಖಾಸಗಿ ಕಂಪನಿಗಳು. ಪ್ಲಾನಿನ ಔಷಧದ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಹೋದ ಸಲ ನಮ್ಮ ಪ್ಲಾನಿನವರು ಇವರ ಕಣ್ಣಿನ ಡ್ರಾಪ್ಸನ್ನು ಸದ್ದಿಲ್ಲದೆ ಮೇಲಿನ ದರ್ಜೆಗೆ, ಅಂದರೆ ನಾವು ಹೆಚ್ಚು ಕೊಡಬೇಕಾದ ದರ್ಜೆಗೆ, ಏರಿಸಿದ್ದರು. ಸೆಪ್ಟೆಂಬರಲ್ಲಿ ಬಂದ ದಪ್ಪ ಲಕೋಟೆಯ ನಡುವೆಲ್ಲೋ ಒಂದು ಸಾಲು, ಅಷ್ಟೆ. ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರಿಗೆ ದಾಟಿಸುತ್ತಾರೆ, ಆಮೇಲೆ ಲೈನೇ ಕಟ್. ಸುಮ್ನೆ ಬೇರೆ ಪ್ಲಾನಿಗೆ ಹೋದೆವು.

ಬದಲಾಯಿಸಲು ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಸಮಯ. ಪ್ರೀಮಿಯಂ ಕಡಿಮೆ ಅಂತ ಹಿಗ್ಗಬೇಡಿ. ಮೆಡಿಕೇರ್ ವೆಬ್‌ಸೈಟಿನಲ್ಲಿ ಪ್ಲಾನ್ ಹುಡುಕುವ ಪುಟ ಇದೆ, ನಿಜಕ್ಕೂ ಚೆನ್ನಾಗಿದೆ. ಮಾತ್ರೆಯ ಹೆಸರು, ಮಿಲಿಗ್ರಾಂ, ತಿಂಗಳಿಗೆ ಎಷ್ಟು, ಯಾವ ಫಾರ್ಮಸಿ, ಎಲ್ಲ ತುಂಬಿದರೆ ಪ್ರೀಮಿಯಂ ಮತ್ತು ಔಷಧ ಸೇರಿ ವರ್ಷದ ಒಟ್ಟು ಖರ್ಚು ತೋರಿಸುತ್ತದೆ. ಫಾರ್ಮಸಿ ಬದಲಾಯಿಸಿಯೂ ನೋಡಿ. ಅದೇ ಪ್ಲಾನ್, ಅದೇ ಮಾತ್ರೆ, ಪಕ್ಕದ ಅಂಗಡಿಯಲ್ಲಿ ಜಾಸ್ತಿ ಇರಬಹುದು.

"ನಮ್ಮಪ್ಪ ಒಂದು ಮಾತ್ರೆನೂ ತಗೊಳಲ್ಲ, ಪಾರ್ಟ್ ಡಿ ಯಾಕೆ ಆಂಟಿ?" ಅಂದ ಒಬ್ಬ ಹುಡುಗ. ಬೇರೆ ಔಷಧ ವಿಮೆ ಇಲ್ಲದೆ ಸೇರಲು ತಡ ಮಾಡಿದರೆ, ತಡವಾದ ಪ್ರತಿ ತಿಂಗಳಿಗೆ ಸರ್ಕಾರ ಹೇಳುವ ಮೂಲ ಪ್ರೀಮಿಯಂನ ಶೇಕಡಾ 1ರಂತೆ ದಂಡ, ಅದೂ ಪಾರ್ಟ್ ಡಿ ಇರುವಷ್ಟು ಕಾಲ. ಇರುವುದರಲ್ಲೇ ಅಗ್ಗದ್ದೊಂದು ಮಾಡಿಸು ಅಂದೆ. ಇನ್ನೊಂದು: ಜನವರಿಯಲ್ಲಿ ಡಿಡಕ್ಟಿಬಲ್, ಅಂದರೆ ವಿಮೆ ಕೊಡಲು ಶುರುಮಾಡುವ ಮುಂಚೆ ನಾವೇ ಕಟ್ಟಬೇಕಾದ ದುಡ್ಡು, ಒಟ್ಟಿಗೇ ಬಂದು ಕೈ ಸುಡುತ್ತದೆ. ನಿಮ್ಮ ಪ್ಲಾನಿನವರಿಗೆ ಹೇಳಿದರೆ ಬಡ್ಡಿ ಇಲ್ಲದೆ ತಿಂಗಳ ಕಂತು ಮಾಡಿಕೊಡುತ್ತಾರೆ. ಡಿಸೆಂಬರಲ್ಲೇ ಕೇಳಿ.